ಏಕ, ದ್ವಿ, ತ್ರಿ: ಧಾತುಗಳ ಆವರ್ತಕೋಷ್ಟಕದ ವಿಚಾರ

೧. ವಿಷಯಪ್ರವೇಶ

ಧಾತುವೆಂಬ ಶಬ್ದಕ್ಕೆ ಶಾಸ್ತ್ರಭೇದದಿಂದ ಅರ್ಥಭೇದವುಂಟು. ವ್ಯಾಕರಣದಲ್ಲಿ ಕ್ರಿಯೆಯನ್ನು ಹೇಳುವ ಮೂಲಪ್ರಕೃತಿಯು ಧಾತುವೆನಿಸುತ್ತದೆ. ಆಯುರ್ವೇದದಲ್ಲಿ ರಸ, ರಕ್ತ, ಮಾಂಸ ಮೊದಲಾದ ಏಳು ದೇಹಧಾರಕಗಳು ಧಾತುಗಳು. ರಸಶಾಸ್ತ್ರದಲ್ಲಿ ಚಿನ್ನ, ಬೆಳ್ಳಿ, ತಾಮ್ರ ಮೊದಲಾದ ಲೋಹಗಳನ್ನೂ ಗಣಿಯಲ್ಲಿ ದೊರೆಯುವ ಇತರ ದ್ರವ್ಯಗಳನ್ನೂ ಈ ಹೆಸರಿನಿಂದ ವ್ಯವಹರಿಸುವರು. ಆಧುನಿಕ ರಸಾಯನಶಾಸ್ತ್ರವನ್ನು ಕನ್ನಡದಲ್ಲಿ ನಿರೂಪಿಸುವವರು ಇದೇ ಶಬ್ದವನ್ನು ತೆಗೆದುಕೊಂಡು, ಒಂದೇ ಜಾತಿಯ ಪರಮಾಣುಗಳಿಂದಾದ ದ್ರವ್ಯವೆಂಬ ಅರ್ಥದಲ್ಲಿ ರೂಢಿಗೆ ತಂದಿದ್ದಾರೆ. ಇಂತಹ ಧಾತುಗಳು ಈಗ ೧೧೮ ಎಂದು ಗಣನೆಯಾಗಿವೆ. ಅವೆಲ್ಲವನ್ನೂ ಸಾಲುಸಾಲಾಗಿ ಜೋಡಿಸಿರುವ ಪಟ್ಟಿಕೆಗೆ ಆವರ್ತಕೋಷ್ಟಕವೆಂದು ಹೆಸರು.

ಈ ಕೋಷ್ಟಕವನ್ನು ರಚಿಸಿದ ರಷ್ಯಾ ದೇಶದ ದ್ಮಿತ್ರಿ ಮೆಂಡಲೀಫನು ೧೮೭೧ರ ತನ್ನ ಪ್ರಬಂಧದಲ್ಲಿ, ಇನ್ನೂ ಕಂಡುಹಿಡಿಯದಿದ್ದ ಧಾತುಗಳಿಗೆ ಸಂಸ್ಕೃತದ ಸಂಖ್ಯಾಪದಗಳಿಂದ ಹೆಸರಿಟ್ಟನು. ಇದು ನಿರ್ವಿವಾದವಾದ ಸಂಗತಿ. ಆದರೆ ಇದನ್ನು ಆಧಾರವಾಗಿಟ್ಟುಕೊಂಡು ಎರಡು ಬಗೆಯ ಅಭಿಪ್ರಾಯಗಳು ಹರಡಿವೆ. ಕೋಷ್ಟಕವೇ ಭಾರತೀಯ ವರ್ಣಮಾಲೆಯಿಂದ ಹುಟ್ಟಿತು, ಜ್ವಾಲೆಯ ಬಣ್ಣದಿಂದ ಲೋಹವನ್ನು ಗುರುತಿಸುವ ವಿದ್ಯೆಯೂ ಪ್ರಾಚೀನರದೇ, ಆದುದರಿಂದ ಇಲ್ಲಿ ಹೊಸದೇನೂ ಇಲ್ಲವೆಂಬುದು ಒಂದು ಪಕ್ಷ. ಆ ಸಂಸ್ಕೃತಪದಗಳು ಕೇವಲ ಆಕಸ್ಮಿಕ, ಅವುಗಳ ಪ್ರಸ್ತಾಪವೇ ಬೇಡವೆಂಬುದು ಇನ್ನೊಂದು ಪಕ್ಷ. ಮೊದಲನೆಯದನ್ನು ನಂಬಿದ ಅಧ್ಯಾಪಕನು ಸಿದ್ಧವಾಗದುದನ್ನು ಸಿದ್ಧವೆಂದು ಬೋಧಿಸುತ್ತಾನೆ. ಎರಡನೆಯದನ್ನು ನಂಬಿದವನು ಸಿದ್ಧವಾದುದನ್ನೇ ಕೈಬಿಡುತ್ತಾನೆ. ಇವುಗಳ ಬಲಾಬಲವನ್ನು ತೂಗಬೇಕಾದರೆ ಮೊದಲು ಕೋಷ್ಟಕದ ಸ್ವರೂಪವನ್ನೂ, ಅದಕ್ಕೆ ಸಂಬಂಧಿಸಿದ ಉತ್ಕರ್ಷಣ, ಅಪಕರ್ಷಣ, ಜ್ವಾಲಾಪರೀಕ್ಷೆ ಎಂಬ ವಿಷಯಗಳನ್ನೂ ತಿಳಿಯುವುದು ಅವಶ್ಯಕವಾಗಿದೆ.

೨. ಕೋಷ್ಟಕದ ರಚನೆಯೂ ಖಾಲಿಯಾದ ಮನೆಗಳೂ

೧೮೬೯ರಲ್ಲಿ ಮೆಂಡಲೀಫನ ಮುಂದೆ ಇದ್ದ ಧಾತುಗಳು ೬೩. ಅವುಗಳನ್ನು ಪರಮಾಣುಭಾರದ ಏರಿಕೆಯ ಕ್ರಮದಲ್ಲಿ ನಿಲ್ಲಿಸಿದರೆ, ಒಂದು ನಿಯತವಾದ ಅಂತರ ಕಳೆದ ಮೇಲೆ ಹಿಂದಿನ ಗುಣಗಳೇ ಮತ್ತೆ ಕಾಣಿಸಿಕೊಳ್ಳುತ್ತವೆಂಬುದನ್ನು ಆತನು ಮನಗಂಡನು. ಹೀಗೆ ಗುಣಗಳು ಮರಳಿಮರಳಿ ಬರುವುದೇ ಆವೃತ್ತಿ. ಅಡ್ಡಸಾಲಿಗೆ ಆವರ್ತವೆಂದೂ, ಸಮಾನಗುಣವುಳ್ಳ ಧಾತುಗಳು ಒಂದರ ಕೆಳಗೊಂದು ನಿಂತ ಲಂಬಸಾಲಿಗೆ ವರ್ಗವೆಂದೂ ಕನ್ನಡದಲ್ಲಿ ಹೆಸರು. ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ, ರುಬಿಡಿಯಂ, ಸೀಸಿಯಂ ಎಂಬ ಕ್ಷಾರಲೋಹಗಳು ಒಂದು ವರ್ಗ. ಫ್ಲೂರೀನ್, ಕ್ಲೋರೀನ್, ಬ್ರೋಮೀನ್, ಅಯೊಡೀನ್‌ಗಳದು ಮತ್ತೊಂದು.

ಸಾದೃಶ್ಯವನ್ನು ಕಾಯ್ದುಕೊಂಡು ಧಾತುಗಳನ್ನು ಕೂರಿಸುತ್ತ ಹೋದಾಗ ಕೆಲವು ಮನೆಗಳು ಖಾಲಿ ಉಳಿದವು. ಆ ಮನೆಗಳಿಗೆ ಸಲ್ಲುವ ಧಾತುಗಳು ಪ್ರಪಂಚದಲ್ಲಿ ಇರಲೇಬೇಕೆಂದು ಮೆಂಡಲೀಫನು ಸಾಧಿಸಿದನು. ಇಲ್ಲದ ವಸ್ತುವಿಗೆ ಹೊಸ ಹೆಸರನ್ನು ಕಲ್ಪಿಸುವುದು ಉಚಿತವಲ್ಲವೆಂದು ಬಗೆದು, ಅದೇ ವರ್ಗದಲ್ಲಿ ಅದಕ್ಕೆ ಮೇಲಿರುವ ಜ್ಞಾತಧಾತುವಿನ ಹೆಸರಿಗೆ ಏಕ, ದ್ವಿ, ತ್ರಿ ಎಂಬ ಪದಗಳನ್ನು ಪೂರ್ವದಲ್ಲಿ ಸೇರಿಸಿದನು. ಒಂದು ಮನೆ ಕೆಳಗಿದ್ದರೆ ಏಕ, ಎರಡು ಮನೆ ಕೆಳಗಿದ್ದರೆ ದ್ವಿ. ಅಲ್ಯೂಮಿನಿಯಮ್ಮಿನ ಕೆಳಗಿನದು ಏಕ-ಅಲ್ಯೂಮಿನಿಯಂ, ಬೋರಾನಿನ ಸಂಬಂಧಿಯು ಏಕಬೋರಾನ್, ಸಿಲಿಕಾನಿನ ಕೆಳಗಿನದು ಏಕಸಿಲಿಕಾನ್ ಎಂದಾಯಿತು.

ಈ ಮೂರು ಭವಿಷ್ಯೋಕ್ತಿಗಳೂ ಫಲಿಸಿದುವು. ೧೮೭೫ರಲ್ಲಿ ಫ್ರಾನ್ಸಿನ ಲಕೋಕ್ ದ ಬ್ವಾಬೋದ್ರಾನನು ಗ್ಯಾಲಿಯಮ್ಮನ್ನು ಕಂಡುಹಿಡಿದನು. ಅದರ ಸಾಂದ್ರತೆ ೪.೭ ಎಂದು ಆತನ ಮೊದಲ ಅಳತೆ. ಮೆಂಡಲೀಫನು ಅದನ್ನು ಒಪ್ಪದೆ, ೫.೯ರ ಹತ್ತಿರ ಇರತಕ್ಕದ್ದೆಂದು ಪೀಟರ್ಸ್‌ಬರ್ಗಿನಿಂದ ಬರೆದು ತಿಳಿಸಿದನು. ಲೋಹವನ್ನು ಶುದ್ಧಗೊಳಿಸಿ ಪುನಃ ಅಳೆಯಲಾಗಿ ೫.೯ ಎಂದೇ ತಿಳಿದುಬಂದಿತು. ವಸ್ತುವನ್ನು ಕೈಯಲ್ಲಿ ಹಿಡಿದವನ ಪ್ರತ್ಯಕ್ಷವನ್ನು, ವಸ್ತುವನ್ನು ಕಾಣದವನ ಅನುಮಾನವು ತಿದ್ದಿದ ಇಂತಹ ಪ್ರಸಂಗವು ಶಾಸ್ತ್ರಗಳ ಚರಿತ್ರೆಯಲ್ಲಿ ವಿರಳ. ೧೮೭೯ರಲ್ಲಿ ಸ್ವೀಡನ್ನಿನ ನಿಲ್ಸನನು ಸ್ಕ್ಯಾಂಡಿಯಮ್ಮನ್ನೂ, ೧೮೮೬ರಲ್ಲಿ ಜರ್ಮನಿಯ ವಿಂಕ್ಲರನು ಜರ್ಮೇನಿಯಮ್ಮನ್ನೂ ಕಂಡುಹಿಡಿದರು. ಏಕಸಿಲಿಕಾನಿಗೆ ಮೆಂಡಲೀಫನು ಹೇಳಿದ್ದ ಪರಮಾಣುಭಾರ ೭೨, ಸಾಂದ್ರತೆ ೫.೫, ಜರ್ಮೇನಿಯಮ್ಮಿಗೆ ವಿಂಕ್ಲರನು ಕಂಡದ್ದು ೭೨.೩ ಮತ್ತು ೫.೪೭.

ಪರಮಾಣುಭಾರದ ಕ್ರಮದಲ್ಲಿ ಒಂದೆರಡು ತೊಡಕುಗಳಿದ್ದುವು. ಟೆಲ್ಯೂರಿಯಮ್ಮಿನ ಭಾರ ೧೨೭.೬, ಅಯೊಡೀನಿನದು ೧೨೬.೯, ಆದರೂ ಗುಣಸಾಮ್ಯವನ್ನು ನೋಡಿದರೆ ಟೆಲ್ಯೂರಿಯಂ ಮೊದಲು ಬರಬೇಕು. ಮೆಂಡಲೀಫನು ಗುಣವನ್ನೇ ಪ್ರಧಾನವಾಗಿಟ್ಟುಕೊಂಡು ಹಾಗೆ ನಿಲ್ಲಿಸಿದನು. ಇದರ ಕಾರಣವು ೧೯೧೩ರಲ್ಲಿ ಹೆನ್ರಿ ಮೋಸ್ಲಿಯ ಪ್ರಯೋಗಗಳಿಂದ ಸ್ಪಷ್ಟವಾಯಿತು. ಧಾತುವಿನ ಸ್ಥಾನವನ್ನು ನಿರ್ಣಯಿಸುವುದು ಭಾರವಲ್ಲ. ಪರಮಾಣುವಿನ ಬೀಜದಲ್ಲಿರುವ ಧನವಿದ್ಯುತ್ತಿನ ಮೊತ್ತ, ಅಂದರೆ ಪರಮಾಣುಸಂಖ್ಯೆ. ಟೆಲ್ಯೂರಿಯಮ್ಮಿಗೆ ೫೨, ಅಯೊಡೀನಿಗೆ ೫೩.

೩. ಉತ್ಸರ್ಗವೂ ಅಪವಾದವೂ

ಪರಮಾಣುವಿನ ಮಧ್ಯದಲ್ಲಿ ಬೀಜವೂ, ಅದರ ಸುತ್ತ ಕವಚಕವಚವಾಗಿ ಎಲೆಕ್ಟ್ರಾನುಗಳೂ ಇರುತ್ತವೆ. ಒಂದು ಆವರ್ತದಲ್ಲಿ ಎಡದಿಂದ ಬಲಕ್ಕೆ ಹೋದಂತೆ ಬೀಜದ ಆಕರ್ಷಣೆಯು ಹೆಚ್ಚುತ್ತದೆ, ಹೊರಕವಚ ಮಾತ್ರ ಅದೇ ಆಗಿರುತ್ತದೆ. ಆದುದರಿಂದ ಪರಮಾಣುವು ಕುಗ್ಗುತ್ತದೆ. ಹೊರಗಿನ ಎಲೆಕ್ಟ್ರಾನನ್ನು ಕಿತ್ತು ತೆಗೆಯಲು ಬೇಕಾದ ಶಕ್ತಿಯು ಏರುತ್ತದೆ. ಈ ಶಕ್ತಿಗೆ ಅಯಾನೀಕರಣ ಶಕ್ತಿಯೆಂದು ಹೆಸರು. ಒಂದು ವರ್ಗದಲ್ಲಿ ಮೇಲಿನಿಂದ ಕೆಳಕ್ಕೆ ಇಳಿದಂತೆ ಹೊಸಹೊಸ ಕವಚಗಳು ಸೇರಿ ಹೊರಗಿನ ಎಲೆಕ್ಟ್ರಾನು ಬೀಜಕ್ಕೆ ದೂರವಾಗುವುದರಿಂದ ಅದೇ ಶಕ್ತಿಯು ಇಳಿಯುತ್ತದೆ. ಒಂದು ಮೋಲ್ ಪರಿಮಾಣಕ್ಕೆ ಲಿಥಿಯಮ್ಮಿನಲ್ಲಿ ೫೨೦ ಕಿಲೋಜೂಲ್, ಸೋಡಿಯಮ್ಮಿನಲ್ಲಿ ೪೯೬, ಪೊಟ್ಯಾಸಿಯಮ್ಮಿನಲ್ಲಿ ೪೧೯, ರುಬಿಡಿಯಮ್ಮಿನಲ್ಲಿ ೪೦೩, ಸೀಸಿಯಮ್ಮಿನಲ್ಲಿ ೩೭೬ ಎಂಬ ಸಂಖ್ಯೆಗಳೇ ಇದಕ್ಕೆ ಪ್ರಮಾಣ.

ಮೂರನೆಯ ಆವರ್ತದ ಸಂಖ್ಯೆಗಳನ್ನು ನೋಡಿದರೆ ಒಂದು ಸಂದೇಹ ಹುಟ್ಟಬಹುದು. ಸೋಡಿಯಂ ೪೯೬, ಮೆಗ್ನೀಸಿಯಂ ೭೩೮, ಅಲ್ಯೂಮಿನಿಯಂ ೫೭೮, ಸಿಲಿಕಾನ್ ೭೮೭, ರಂಜಕ ೧೦೧೨, ಗಂಧಕ ೧೦೦೦, ಕ್ಲೋರೀನ್ ೧೨೫೧, ಆರ್ಗಾನ್ ೧೫೨೧. ಏರಿಕೆಯು ನಿಯಮವಾದರೆ ಅಲ್ಯೂಮಿನಿಯಮ್ಮಿನಲ್ಲಿಯೂ ಗಂಧಕದಲ್ಲಿಯೂ ಇಳಿಕೆ ಏಕೆ? ನಿಯಮವು ಭಗ್ನವಾಯಿತೆನ್ನಬೇಕೆ?

ಹಾಗಲ್ಲ. ವ್ಯಾಕರಣವನ್ನು ಓದಿದವರಿಗೆ ಉತ್ಸರ್ಗ ಮತ್ತು ಅಪವಾದಗಳ ಸಂಬಂಧವು ಹೊಸದಲ್ಲ. ಸಾಮಾನ್ಯವಿಧಿಯು ಉತ್ಸರ್ಗ, ವಿಶೇಷವಿಧಿಯು ಅಪವಾದ. ಅಪವಾದವೆಂದರೆ ನಿಯಮವಿಲ್ಲದಿರುವುದಲ್ಲ, ಕಾರಣಸಹಿತವಾದ ಇನ್ನೊಂದು ನಿಯಮವು ತನ್ನ ಕ್ಷೇತ್ರದಲ್ಲಿ ಮೊದಲನೆಯದನ್ನು ಬಾಧಿಸುವುದು. ಪ್ರಕೃತದಲ್ಲಿಯೂ ಹಾಗೆಯೇ. ಅಲ್ಯೂಮಿನಿಯಮ್ಮಿನ ಕೊನೆಯ ಎಲೆಕ್ಟ್ರಾನು ಅದೇ ಕವಚದಲ್ಲಿ ಮೇಲ್ಮಟ್ಟದ ಹೊಸ ಉಪಕವಚವನ್ನು ಪ್ರವೇಶಿಸುತ್ತದೆ. ಅದನ್ನು ಕೀಳುವುದು ಸುಲಭ. ಗಂಧಕದಲ್ಲಿ ಆ ಉಪಕವಚದ ಒಂದು ಸ್ಥಾನವನ್ನು ಎರಡು ಎಲೆಕ್ಟ್ರಾನುಗಳು ಹಂಚಿಕೊಳ್ಳಬೇಕಾಗಿ, ಪರಸ್ಪರ ವಿಕರ್ಷಣದಿಂದ ಒಂದು ಸಡಿಲವಾಗುತ್ತದೆ. ಎರಡನೆಯ ಆವರ್ತದಲ್ಲಿ ಬೋರಾನಿಗೂ ಆಮ್ಲಜನಕಕ್ಕೂ ಇದೇ ಸ್ಥಿತಿ. ಹೀಗೆ ಅಪವಾದವೂ ಆವರ್ತಿಸುತ್ತದೆ. ಉತ್ಸರ್ಗವನ್ನು ಮಾತ್ರ ಬಾಯಿಪಾಠ ಮಾಡಿಸಿ ಅಪವಾದವನ್ನು ಮುಚ್ಚಿಡುವ ಬೋಧನೆಯು ಶಾಸ್ತ್ರಬೋಧನೆಯಾಗಲಾರದು.

೪. ಉತ್ಕರ್ಷಣ ಮತ್ತು ಅಪಕರ್ಷಣ

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಲವಾಸಿಯೆಯು ದಹನವೆಂದರೆ ಆಮ್ಲಜನಕದೊಡನೆ ಸಂಯೋಗವೆಂದು ಸ್ಥಾಪಿಸಿದನು. ಎಲ್ಲ ಆಮ್ಲಗಳಿಗೂ ಈ ವಾಯುವೇ ಕಾರಣವೆಂದು ಭಾವಿಸಿ ಆತನು ಇಟ್ಟ ಹೆಸರಿನ ಅನುವಾದವೇ ಕನ್ನಡದ ಆಮ್ಲಜನಕವೆಂಬ ಪದ. ೧೮೧೦ರಲ್ಲಿ ಹಂಫ್ರಿ ಡೇವಿಯು ಕ್ಲೋರೀನು ಧಾತುವೆಂದು ತೋರಿಸಿದ ಮೇಲೆ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲವೆಂದು ಸಿದ್ಧವಾಯಿತು. ಹೆಸರು ಮಾತ್ರ ಉಳಿಯಿತು. ರೂಢಾರ್ಥವು ಯೋಗಾರ್ಥವನ್ನು ಮೀರಿ ನಿಂತುದಕ್ಕೆ ಇದು ಒಳ್ಳೆಯ ಉದಾಹರಣೆ.

ಮುಂದೆ ಆಮ್ಲಜನಕವಿಲ್ಲದ ಕ್ರಿಯೆಗಳಲ್ಲಿಯೂ ಇದೇ ಬಗೆಯ ಪರಿವರ್ತನೆ ಕಂಡುಬಂದುದರಿಂದ ಲಕ್ಷಣವನ್ನು ವಿಸ್ತರಿಸಬೇಕಾಯಿತು. ಒಂದು ಪರಮಾಣುವು ಎಲೆಕ್ಟ್ರಾನನ್ನು ಕಳೆದುಕೊಂಡರೆ ಉತ್ಕರ್ಷಣ, ಪಡೆದುಕೊಂಡರೆ ಅಪಕರ್ಷಣ. ಕಳೆದುಕೊಂಡುದಕ್ಕೆ ಉತ್ಕರ್ಷವೆಂಬ ಹೆಸರು ವಿರುದ್ಧವಲ್ಲವೆ ಎಂದು ಪದವಿಚಾರ ಬಲ್ಲವರು ಆಕ್ಷೇಪಿಸಬಹುದು. ಎಲೆಕ್ಟ್ರಾನು ಋಣವಿದ್ಯುತ್ತಿನ ಕಣವಾದುದರಿಂದ ಅದನ್ನು ಕಳೆದುಕೊಂಡ ಪರಮಾಣುವಿನ ಅಂಕವು ಏರುತ್ತದೆ. ಕಬ್ಬಿಣವು ಎರಡು ಎಲೆಕ್ಟ್ರಾನುಗಳನ್ನು ಬಿಟ್ಟಾಗ ಅದರ ಅಂಕ ಸೊನ್ನೆಯಿಂದ ಧನ ೨ಕ್ಕೆ ಏರುವುದು; ತಾಮ್ರದ ಅಯಾನು ಅವುಗಳನ್ನು ಪಡೆದಾಗ ಧನ ೨ರಿಂದ ಸೊನ್ನೆಗೆ ಇಳಿಯುವುದು. ಏರುವುದು ಉತ್ಕರ್ಷ, ಇಳಿಯುವುದು ಅಪಕರ್ಷ. ಸಂಜ್ಞೆಗಳು ಅನ್ವರ್ಥವಾಗಿಯೇ ಇವೆ. ಕೊಡುವವನಿಲ್ಲದೆ ಕೊಳ್ಳುವವನಿಲ್ಲವಾದುದರಿಂದ ಈ ಎರಡು ಕ್ರಿಯೆಗಳು ಎಂದಿಗೂ ಜೊತೆಜೊತೆಯಾಗಿಯೇ ನಡೆಯುತ್ತವೆ.

ಇದಕ್ಕೆ ನಿದರ್ಶನವು ಮಲೆನಾಡಿನ ಅಡಕೆಯ ತೋಟದಲ್ಲಿಯೇ ಸಿಕ್ಕುತ್ತದೆ. ಕೊಳೆರೋಗದ ನಿವಾರಣೆಗಾಗಿ ಮೈಲುತುತ್ತವನ್ನೂ ಸುಣ್ಣವನ್ನೂ ನೀರಿನಲ್ಲಿ ಕಲಸಿ ಗೊನೆಗಳಿಗೆ ಸಿಂಪಡಿಸುವರು. ಇದಕ್ಕೆ ಬೋರ್ಡೋ ದ್ರಾವಣವೆಂದು ಹೆಸರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಶೋಧಿಸಿ ಈ ಔಷಧವನ್ನು ಪ್ರಚಾರಕ್ಕೆ ತಂದರು. ಸುಣ್ಣವು ಸಾಕಾಯಿತೋ ಇಲ್ಲವೋ ಎಂದು ತಿಳಿಯಲು ಹೊಳೆಯುವ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡುವರು. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಸುಣ್ಣ ಸಾಲದು. ಇನ್ನಷ್ಟು ಸೇರಿಸದಿದ್ದರೆ ಗಿಡಕ್ಕೆ ಹಾನಿ. ಆ ಕೆಂಪು ಲೇಪವೇ ತಾಮ್ರ. ಕಬ್ಬಿಣವು ಉತ್ಕರ್ಷಣ ಹೊಂದಿ ನೀರಿಗಿಳಿಯುತ್ತದೆ. ನೀರಿನಲ್ಲಿದ್ದ ತಾಮ್ರವು ಅಪಕರ್ಷಣ ಹೊಂದಿ ಕಬ್ಬಿಣದ ಮೇಲೆ ಕೂರುತ್ತದೆ. ಸುಣ್ಣವು ಸಾಕಷ್ಟಿದ್ದರೆ ತಾಮ್ರವು ಕರಗದ ಸಂಯುಕ್ತವಾಗಿ ಬೇರ್ಪಡುವುದರಿಂದ ಲೇಪವು ಕಾಣಿಸದು. ಇದೇ ನೋಟವನ್ನು ಕಂಡು ಯೂರೋಪಿನ ರಸವಾದಿಗಳಲ್ಲಿ ಕೆಲವರು ಕಬ್ಬಿಣವೇ ತಾಮ್ರವಾಗಿ ಮಾರ್ಪಟ್ಟಿತೆಂದು ಭ್ರಮಿಸಿದರು. ನೋಟವು ಸತ್ಯ, ವ್ಯಾಖ್ಯಾನವು ಮಿಥ್ಯೆ.

ಯಾವ ಲೋಹವು ಯಾವುದನ್ನು ಸ್ಥಾನದಿಂದ ತಳ್ಳುವುದೆಂಬುದನ್ನು ವೋಲ್ಟುಗಳಲ್ಲಿ ಅಳೆದಿರುವರು. ಸತು ಋಣ ೦.೭೬, ಕಬ್ಬಿಣ ಋಣ ೦.೪೪, ತಾಮ್ರ ಧನ ೦.೩೪, ಬೆಳ್ಳಿ ಧನ ೦.೮೦. ಹಿಂದಿನದು ಮುಂದಿನದನ್ನು ಅದರ ಲವಣದಿಂದ ಹೊರಡಿಸುತ್ತದೆ. ಆದರೆ ಈ ಕ್ರಮವನ್ನು ಕೋಷ್ಟಕದ ಸ್ಥಾನದಿಂದಲೇ ಊಹಿಸಬಹುದೆಂದು ಭಾವಿಸಬಾರದು. ಕ್ಷಾರಲೋಹಗಳಲ್ಲಿ ಎಲೆಕ್ಟ್ರಾನನ್ನು ಅತಿ ಕಷ್ಟದಿಂದ ಬಿಡುವುದು ಲಿಥಿಯಂ. ಆದರೂ ನೀರಿನಲ್ಲಿ ಅಳೆದಾಗ ಅದರದೇ ಅತ್ಯಂತ ಋಣವಾದ ಸಂಖ್ಯೆ: ಋಣ ೩.೦೪, ಸೋಡಿಯಮ್ಮಿಗೆ ಋಣ ೨.೭೧. ಲಿಥಿಯಮ್ಮಿನ ಚಿಕ್ಕ ಅಯಾನನ್ನು ನೀರಿನ ಅಣುಗಳು ಬಿಗಿಯಾಗಿ ಸುತ್ತುವರಿದು, ಆಗ ಹೊರಬೀಳುವ ಶಕ್ತಿಯು ಕಷ್ಟವನ್ನು ತುಂಬಿಕೊಡುವುದೇ ಇದಕ್ಕೆ ಕಾರಣ. ಒಂದೇ ಫಲಕ್ಕೆ ಅನೇಕ ಕಾರಣಗಳು ಕೂಡುವಲ್ಲಿ ಒಂದನ್ನೇ ಹಿಡಿದು ನಿರ್ಣಯಿಸುವುದು ಸಲ್ಲದು.

೫. ಜ್ವಾಲಾಪರೀಕ್ಷೆ

ಅಡುಗೆಯ ಒಲೆಯ ಉರಿಗೆ ಉಪ್ಪುನೀರು ಉಕ್ಕಿ ಬಿದ್ದರೆ ಜ್ವಾಲೆಯು ಹಳದಿಯಾಗುತ್ತದೆ. ಉಪ್ಪಿನಲ್ಲಿರುವ ಸೋಡಿಯಮ್ಮೇ ಅದಕ್ಕೆ ಕಾರಣ. ಪ್ರಯೋಗಶಾಲೆಯಲ್ಲಿ ಪ್ಲಾಟಿನಂ ತಂತಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ಲವಣವನ್ನು ತಾಗಿಸಿ, ಬಣ್ಣವಿಲ್ಲದ ಜ್ವಾಲೆಯಲ್ಲಿ ಹಿಡಿಯುವರು. ಲಿಥಿಯಮ್ಮಿಗೆ ಕಡುಗೆಂಪು, ಪೊಟ್ಯಾಸಿಯಮ್ಮಿಗೆ ತಿಳಿನೇರಳೆ, ಕ್ಯಾಲ್ಸಿಯಮ್ಮಿಗೆ ಇಟ್ಟಿಗೆಗೆಂಪು, ಬೇರಿಯಮ್ಮಿಗೆ ತಿಳಿಹಸುರು, ತಾಮ್ರಕ್ಕೆ ನೀಲಿಯೊಡನೆ ಬೆರೆತ ಹಸುರು. ಸೋಡಿಯಮ್ಮಿನ ಹಳದಿಯು ಇತರ ಬಣ್ಣಗಳನ್ನು ಮುಚ್ಚುವುದರಿಂದ, ಪೊಟ್ಯಾಸಿಯಮ್ಮನ್ನು ಕೋಬಾಲ್ಟಿನ ನೀಲಿಗಾಜಿನ ಮೂಲಕ ನೋಡುವುದು ರೂಢಿ.

ಬಣ್ಣದ ಕಾರಣವೇನು? ಜ್ವಾಲೆಯ ತಾಪದಿಂದ ಪರಮಾಣುವಿನ ಹೊರಗಿನ ಎಲೆಕ್ಟ್ರಾನು ಮೇಲಿನ ಮಟ್ಟಕ್ಕೆ ಏರುತ್ತದೆ. ಅಲ್ಲಿ ನಿಲ್ಲಲಾರದೆ ಕೂಡಲೆ ಕೆಳಗಿಳಿಯುತ್ತದೆ. ಇಳಿಯುವಾಗ ಆ ಎರಡು ಮಟ್ಟಗಳ ಅಂತರಕ್ಕೆ ಸಮನಾದ ಶಕ್ತಿಯನ್ನು ಬೆಳಕಾಗಿ ಬಿಡುತ್ತದೆ. ಸೋಡಿಯಮ್ಮಿನಲ್ಲಿ ಆ ಬೆಳಕಿನ ಅಲೆಯುದ್ದ ೫೮೯.೦ ಮತ್ತು ೫೮೯.೬ ನ್ಯಾನೊಮೀಟರ್. ಉತ್ಕರ್ಷಣದಲ್ಲಿ ಎಲೆಕ್ಟ್ರಾನು ಮನೆಯನ್ನೇ ಬಿಟ್ಟು ಹೋಗುತ್ತದೆ. ಇಲ್ಲಿ ಮನೆಯೊಳಗೇ ಅಟ್ಟವನ್ನು ಹತ್ತಿ ಇಳಿಯುತ್ತದೆ. ಆದುದರಿಂದ ಜ್ವಾಲೆಯ ಬಣ್ಣವನ್ನು ಲೋಹವು ಉರಿದುದರ ಬಣ್ಣವೆಂದು ತಿಳಿಯುವುದು ತಪ್ಪು. ಮೆಗ್ನೀಸಿಯಮ್ಮಿನ ಲವಣವು ಜ್ವಾಲೆಗೆ ಬಣ್ಣವನ್ನೇ ಕೊಡದು. ಅದರ ಮುಖ್ಯವಾದ ಬೆಳಕು ಕಣ್ಣಿಗೆ ಕಾಣದ ಅತಿನೇರಳೆಯಲ್ಲಿದೆ.

ಜರ್ಮನಿಯ ಮಾರ್ಗ್ರಾಫನು ೧೭೫೮ರ ಸುಮಾರಿಗೇ ಸೋಡಾಕ್ಷಾರವನ್ನೂ ಪೊಟ್ಯಾಶನ್ನೂ ಜ್ವಾಲೆಯಿಂದ ವಿಂಗಡಿಸಿದ್ದನು. ಇದನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರು ಹೈಡೆಲ್ಬರ್ಗಿನ ಬುನ್ಸೆನ್ ಮತ್ತು ಕಿರ್ಖಾಫ್. ಜ್ವಾಲೆಯ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಪ್ರತಿಯೊಂದು ಧಾತುವಿಗೂ ಅದರದೇ ಆದ ಗೆರೆಗಳು ಮೂಡುತ್ತವೆಂದು ಅವರು ತೋರಿಸಿದರು. ಈ ರೋಹಿತದ ಗೆರೆಗಳಿಂದಲೇ ೧೮೬೦ರಲ್ಲಿ ಸೀಸಿಯಮ್ಮೂ, ೧೮೬೧ರಲ್ಲಿ ರುಬಿಡಿಯಮ್ಮೂ ಪತ್ತೆಯಾದುವು. ಲ್ಯಾಟಿನಿನಲ್ಲಿ ಮೊದಲನೆಯದಕ್ಕೆ ಆಕಾಶನೀಲವೆಂದೂ, ಎರಡನೆಯದಕ್ಕೆ ಕಡುಗೆಂಪೆಂದೂ ಅರ್ಥ. ೧೮೬೩ರಲ್ಲಿ ಕಂಡ ಇಂಡಿಯಮ್ಮಿಗೆ ನೀಲಿಯ ಗೆರೆಯಿಂದ ಆ ಹೆಸರು. ಯೂರೋಪಿನ ಭಾಷೆಗಳಲ್ಲಿ ನೀಲಿಯ ಬಣ್ಣಕ್ಕೆ ಭಾರತದಿಂದ ಬಂದುದೆಂಬ ಅರ್ಥದ ಹೆಸರಿರುವುದೇ ಅದರ ಮೂಲ. ೧೮೭೫ರ ಗ್ಯಾಲಿಯಮ್ಮೂ ಮೊದಲು ಕಾಣಿಸಿಕೊಂಡುದು ರೋಹಿತದಲ್ಲಿಯೇ. ಹೀಗೆ ಕೋಷ್ಟಕದ ಖಾಲಿ ಮನೆಗೆ ಒಡೆಯನನ್ನು ಕರೆತಂದುದು ಬೆಳಕಿನ ಗೆರೆ.

೬. ಬಲಾಬಲವಿಚಾರ

ಈಗ ಪೂರ್ವಪಕ್ಷವನ್ನು ಪರಿಶೀಲಿಸಬಹುದು. ರಸಾರ್ಣವವೆಂಬ ಪ್ರಾಚೀನ ರಸತಂತ್ರದಲ್ಲಿ ತಾಮ್ರದ ಜ್ವಾಲೆ ನೀಲಿ, ತವರದ್ದು ಪಾರಿವಾಳದ ಬಣ್ಣ, ಸೀಸದ್ದು ಮಸುಕು ಎಂದು ಹೇಳಿರುವುದು ನಿಜ. ಪ್ರಫುಲ್ಲಚಂದ್ರ ರಾಯರು ೧೯೦೨ರಲ್ಲಿ ಪ್ರಕಟಿಸಿದ ಹಿಂದೂ ರಸಾಯನದ ಇತಿಹಾಸದಲ್ಲಿ ಇದನ್ನು ಲೋಕದ ಗಮನಕ್ಕೆ ತಂದರು. ಮೂಷೆಯ ಮುಂದೆ ಕುಳಿತು ಕಣ್ಣಾರೆ ಕಂಡವರ ಮಾತಿದು. ತಾಮ್ರದ ವಿಷಯದಲ್ಲಿ ಇಂದಿನ ಪರೀಕ್ಷೆಗೂ ಹತ್ತಿರವಾಗಿದೆ. ಆದರೆ ಅಲ್ಲಿ ಬಣ್ಣವು ಕುಲುಮೆಯಲ್ಲಿ ಲೋಹವನ್ನು ಗುರುತಿಸುವ ಚಿಹ್ನೆ. ಅದರ ಕಾರಣವಾಗಲಿ, ಗೆರೆಗಳ ವಿಭಾಗವಾಗಲಿ ಅಲ್ಲಿ ವಿವಕ್ಷಿತವಲ್ಲ. ನೋಟಕ್ಕೆ ಸಲ್ಲಬೇಕಾದ ಗೌರವವನ್ನು ನೋಟಕ್ಕೆ ಸಲ್ಲಿಸಬೇಕು. ಸಿದ್ಧಾಂತದ ಗೌರವವನ್ನೂ ಅದಕ್ಕೇ ಹೊರಿಸಿದರೆ ಪ್ರಾಚೀನರಿಗೆ ಉಪಕಾರವಾಗುವುದಿಲ್ಲ.

ಇನ್ನು ವರ್ಣಮಾಲೆ. ಕಂಠ, ತಾಲು, ಮೂರ್ಧ, ದಂತ, ಓಷ್ಠ ಎಂಬ ಸ್ಥಾನಗಳಿಂದಲೂ, ಅಲ್ಪಪ್ರಾಣ, ಮಹಾಪ್ರಾಣ ಮೊದಲಾದ ಭೇದಗಳಿಂದಲೂ ಇಪ್ಪತ್ತೈದು ವರ್ಗಾಕ್ಷರಗಳು ಅಡ್ಡವಾಗಿಯೂ ಲಂಬವಾಗಿಯೂ ಸಂಬಂಧಪಟ್ಟು ನಿಲ್ಲುವುದು ಆವರ್ತಕೋಷ್ಟಕವನ್ನು ನೆನಪಿಗೆ ತರುತ್ತದೆ. ಅಷ್ಟಾಧ್ಯಾಯಿಯನ್ನು ೧೮೩೯-೪೦ರಲ್ಲಿ ಪ್ರಕಟಿಸಿದ ಬ್ಯೋಟ್‌ಲಿಂಕ್ ಪಂಡಿತನು ಬಹುಕಾಲ ಪೀಟರ್ಸ್‌ಬರ್ಗಿನ ವಿದ್ವತ್ಪರಿಷತ್ತಿನಲ್ಲಿದ್ದವನು. ಈ ಕಾರಣಗಳಿಂದ ಪಾಣಿನಿಯ ಪ್ರಭಾವವು ಮೆಂಡಲೀಫನ ಮೇಲೆ ಆಗಿರಬಹುದೆಂದು ಭಾಷಾಶಾಸ್ತ್ರಜ್ಞರಾದ ಪಾಲ್ ಕಿಪಾರ್ಸ್ಕಿಯವರು ಸೂಚಿಸಿದ್ದಾರೆ. ಸೂಚನೆಯು ರಮ್ಯವಾದುದು. ಆದರೆ ಸಾದೃಶ್ಯವು ಜನ್ಯಜನಕಭಾವಕ್ಕೆ ಸಾಧಕವಲ್ಲ. ಒಂದೇ ನಗರದ ವಾಸವೂ ಅಲ್ಲ. ಬ್ಯೋಟ್‌ಲಿಂಕನು ೧೮೬೮ರಲ್ಲಿಯೇ ಯೇನಾ ನಗರಕ್ಕೆ ಹೊರಟುಹೋಗಿದ್ದನು. ಮೆಂಡಲೀಫನು ತನ್ನ ನಿಯಮಕ್ಕೆ ಕೊಟ್ಟ ಹೇತುಗಳಾದರೋ ಪರಮಾಣುಭಾರ, ಆಕ್ಸೈಡುಗಳ ರೂಪ, ಗುಣಸಾಮ್ಯ ಇವು. ಮೇಲಾಗಿ ವರ್ಗಾಕ್ಷರಗಳ ಮನೆಗಳು ಎಲ್ಲವೂ ತುಂಬಿವೆ. ಮೆಂಡಲೀಫನ ಪಟ್ಟಿಕೆಯ ಬಲವಿದ್ದುದು ತುಂಬದ ಮನೆಗಳಲ್ಲಿ.

ಎರಡನೆಯ ಪಕ್ಷವೂ ನಿಲ್ಲಲಾರದು. ಏಕ, ದ್ವಿ ಎಂಬ ಪದಗಳು ಒಂದು ಪ್ರಬಂಧದ ವಿನೋದವಾಗಿ ಮುಗಿಯಲಿಲ್ಲ. ೧೯೨೫ರಲ್ಲಿ ದೊರೆತ ರೀನಿಯಮ್ಮನ್ನು ಅದಕ್ಕೆ ಮುಂಚೆ ದ್ವಿಮಾಂಗನೀಸ್ ಎಂದೂ, ೧೯೩೭ರಲ್ಲಿ ಗುರುತಾದ ಟೆಕ್ನೀಶಿಯಮ್ಮನ್ನು ಏಕಮಾಂಗನೀಸ್ ಎಂದೂ, ೧೯೩೯ರಲ್ಲಿ ಮಾರ್ಗರೀತ್ ಪೆರೆ ಕಂಡುಹಿಡಿದ ಫ್ರಾನ್ಸಿಯಮ್ಮನ್ನು ಏಕಸೀಸಿಯಂ ಎಂದೂ ವಿಜ್ಞಾನಿಗಳು ವ್ಯವಹರಿಸಿದರು. ೧೯೩೦ರ ದಶಕದಲ್ಲಿ ಆಟೋ ಹಾನ್ ಮತ್ತು ಲೀಸ ಮೈಟ್ನರರು ಯುರೇನಿಯಮ್ಮಿನ ಆಚೆಗೆ ದೊರೆತುವೆಂದು ತಿಳಿದ ದ್ರವ್ಯಗಳಲ್ಲಿ ಒಂದಕ್ಕೆ ಏಕರೀನಿಯಂ ಎಂದೇ ಹೆಸರಿಟ್ಟರು. ಆದರೆ ಅದು ಹೊಸ ಧಾತುವಾಗಿರಲಿಲ್ಲ. ೧೯೩೮ರ ಕೊನೆಯಲ್ಲಿ ಯುರೇನಿಯಮ್ಮಿನ ಬೀಜವು ಒಡೆಯುವುದೆಂದು ತಿಳಿದ ಮೇಲೆ, ಆ ದ್ರವ್ಯಗಳು ಒಡಕಿನ ಚೂರುಗಳೆಂದು ಸ್ಪಷ್ಟವಾಯಿತು. ೧೯೪೦ರಲ್ಲಿ ನಿಜವಾಗಿ ದೊರೆತ ೯೩ನೆಯ ಧಾತುವಾದ ನೆಪ್ಚೂನಿಯಂ ರೀನಿಯಮ್ಮನ್ನು ಹೋಲದೆ ಯುರೇನಿಯಮ್ಮನ್ನು ಹೋಲುತ್ತಿತ್ತು. ಆ ಭಾಗದಲ್ಲಿ ಎಲೆಕ್ಟ್ರಾನುಗಳು ಒಳಗಿನ ಕವಚವನ್ನು ತುಂಬುವುದರಿಂದ ಅಲ್ಲಿಗೆ ಬೇರೊಂದು ಸಾಲೇ ಬೇಕಾಯಿತು. ಏಕವೆಂಬ ಪದವು ಗ್ಯಾಲಿಯಮ್ಮಿನಲ್ಲಿ ಗೆದ್ದಿತು, ಇಲ್ಲಿ ಸೋತಿತು. ಎರಡನ್ನೂ ಹೇಳಿದಾಗಲೇ ಆ ಪದದ ಚರಿತ್ರೆಯು ಪೂರ್ಣವಾಗುವುದು.

ಆದುದರಿಂದ ಅಧ್ಯಾಪಕರು ಬೋಧಿಸತಕ್ಕದ್ದು ಇಷ್ಟು. ಸಂಸ್ಕೃತದ ಸಂಖ್ಯಾಪದಗಳು ಆಧುನಿಕ ರಸಾಯನಶಾಸ್ತ್ರದ ಪರಿಭಾಷೆಯಲ್ಲಿ ಸುಮಾರು ಎಪ್ಪತ್ತು ವರ್ಷಗಳ ಕಾಲ ಸಾರ್ಥಕವಾಗಿ ದುಡಿದುವೆಂಬುದು ಪ್ರಮಾಣಸಿದ್ಧ. ವರ್ಣಮಾಲೆಯಿಂದ ಕೋಷ್ಟಕವು ಹುಟ್ಟಿತೆಂಬುದು ಊಹೆ. ಪ್ರಾಚೀನ ರಸಶಾಸ್ತ್ರಜ್ಞರು ಜ್ವಾಲೆಯ ಬಣ್ಣವನ್ನು ಕಂಡಿದ್ದರೆಂಬುದು ಸತ್ಯ. ಅದರ ಕಾರಣವನ್ನು ಅರಿತಿದ್ದರೆಂಬುದಕ್ಕೆ ಆಧಾರವಿಲ್ಲ. ಇವುಗಳನ್ನು ಬೇರೆಬೇರೆಯಾಗಿ ಇಟ್ಟು ಹೇಳಿದರೆ ವಿದ್ಯಾರ್ಥಿಗೆ ರಸಾಯನಶಾಸ್ತ್ರದ ಜೊತೆಗೆ ಪ್ರಮಾಣವಿವೇಕವೂ ದೊರೆಯುತ್ತದೆ.